ಮೈಸೂರಿನ ಬಾಣದಿಂದ ಚಂದ್ರನವರೆಗೆ: ರಾಕೆಟ್ಟಿನ ವಿಜ್ಞಾನ ಮತ್ತು ಇತಿಹಾಸ

(ಸಂಘದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ರಾಕೆಟ್ಟಿನ ವಿಷಯವಾಗಿ ಮಾತನಾಡಲು ನೀವು ಒಬ್ಬ ವೈದ್ಯನನ್ನು ಕರೆದಿದ್ದೀರಿ. ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು, ರೆಸಿಡೆನ್ಸಿಯ ನಿದ್ದೆಯಿಲ್ಲದ ರಾತ್ರಿಗಳನ್ನು ಕಳೆದು, ಜನರ ರಕ್ತದೊತ್ತಡ ಅಳೆಯುತ್ತಾ ಕೂದಲು ನರೆಸಿಕೊಂಡವನು ನಾನು. ಯಂತ್ರವಿದ್ಯೆ ನನ್ನದಲ್ಲ. ಹಾಗಿದ್ದರೂ ಈ ಆಹ್ವಾನವನ್ನು ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ. ನಾನು ಉತ್ತರಿಸಲಾಗದೆ ಉಳಿದ ಒಂದು ಪ್ರಶ್ನೆಯೇ ಆ ಕಾರಣ.

ನನ್ನ ಮಗಳು ಚಿಕ್ಕವಳಾಗಿದ್ದಾಗ ಒಂದು ಭಾನುವಾರ ಅವಳನ್ನು ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಕೋಟೆಗೆ ಕರೆದೊಯ್ದಿದ್ದೆ. 1814ರ ಸೆಪ್ಟೆಂಬರ್ 13 ಮತ್ತು 14ರಂದು ಬ್ರಿಟಿಷ್ ನೌಕಾಪಡೆ ಈ ಕೋಟೆಯ ಮೇಲೆ ಸುಮಾರು 25 ಗಂಟೆಗಳ ಕಾಲ ಬಾಂಬು ಮತ್ತು ರಾಕೆಟ್ಟುಗಳ ಮಳೆಗರೆಯಿತು. ಬೆಳಗಾದಾಗಲೂ ಕೋಟೆಯ ಮೇಲೆ ಅಮೆರಿಕದ ಬಾವುಟ ಹಾರಾಡುತ್ತಿದ್ದುದನ್ನು ಕಂಡು ಫ್ರಾನ್ಸಿಸ್ ಸ್ಕಾಟ್ ಕೀ ಎಂಬ ವಕೀಲರು ಬರೆದ ಕವನವೇ 1931ರಲ್ಲಿ ಈ ದೇಶದ ರಾಷ್ಟ್ರಗೀತೆಯಾಯಿತು. ನಮ್ಮ ಮಕ್ಕಳು ಆಟದ ಮೈದಾನದಲ್ಲಿ ಎದೆಯ ಮೇಲೆ ಕೈಯಿಟ್ಟು ಹಾಡುವ ಆ ಗೀತೆಯಲ್ಲಿ ರಾಕೆಟ್ಟಿನ ಪ್ರಸ್ತಾಪವಿದೆ. ನಾನು ಎದೆಯುಬ್ಬಿಸಿ, "ನೋಡು ಮಗಳೇ, ಈ ರಾಕೆಟ್ಟುಗಳ ಮೂಲ ನಮ್ಮ ಶ್ರೀರಂಗಪಟ್ಟಣದಲ್ಲಿದೆ" ಎಂದೆ. ಅವಳು ಒಂದು ಕ್ಷಣ ಯೋಚಿಸಿ, "ಹಾಗಾದರೆ ಅಪ್ಪಾ, ಅದನ್ನು ಮಾಡಿದವರ ಹೆಸರೇನು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಹೈದರಾಲಿ, ಟಿಪ್ಪು ಸುಲ್ತಾನರ ಹೆಸರು ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಮಾಡಿಸಿದವರ ಹೆಸರನ್ನಲ್ಲ, ಮಾಡಿದವರ ಹೆಸರನ್ನು. ಈ ಸಂಜೆ ನಾನು ಹೇಳಬೇಕೆಂದಿರುವುದು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ರಾಕೆಟ್ಟು ಏಕೆ ಮೇಲೇರುತ್ತದೆ?

ಮೊದಲು ಸ್ವಲ್ಪ ವಿಜ್ಞಾನ. ರಾಕೆಟ್ಟು ಹೇಗೆ ಮೇಲೇರುತ್ತದೆಂದು ಕೇಳಿದರೆ, ಅದರ ಬುಡದಿಂದ ಹೊರಬರುವ ಬೆಂಕಿಯು ನೆಲವನ್ನೋ ಗಾಳಿಯನ್ನೋ ಒತ್ತುತ್ತದೆ, ಅದರಿಂದ ರಾಕೆಟ್ಟು ಮೇಲಕ್ಕೆ ಹೋಗುತ್ತದೆ ಎಂದು ಬಹುಮಂದಿ ಹೇಳುತ್ತಾರೆ. ಇದು ತಪ್ಪು. ಗಾಳಿಯೇ ಇಲ್ಲದ ಕಡೆ ರಾಕೆಟ್ಟು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆಂದು ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ತೆಪ್ಪದಿಂದ ದಡಕ್ಕೆ ಜಿಗಿದರೆ ತೆಪ್ಪ ಹಿಂದಕ್ಕೆ ಸರಿಯುತ್ತದೆ. ನನ್ನ ವೃತ್ತಿಯಿಂದಲೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಹೃದಯವು ಪ್ರತಿ ಬಡಿತಕ್ಕೂ ಸುಮಾರು 70 ಮಿಲಿಲೀಟರ್ ರಕ್ತವನ್ನು ತಲೆಯ ದಿಕ್ಕಿಗೆ ಎಸೆಯುತ್ತದೆ. ಆಗ ನಿಮ್ಮ ಇಡೀ ಶರೀರ ಅತ್ಯಲ್ಪವಾಗಿ ಕಾಲಿನ ದಿಕ್ಕಿಗೆ ತಳ್ಳಲ್ಪಡುತ್ತದೆ. 1930ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಡಾ. ಐಸಾಕ್ ಸ್ಟಾರ್ ಅವರು ರೋಗಿಯನ್ನು ಹಗುರವಾಗಿ ತೂಗುಹಾಕಿದ ಮಂಚದ ಮೇಲೆ ಮಲಗಿಸಿ ಈ ಚಲನೆಯನ್ನು ಅಳೆದರು. ಬ್ಯಾಲಿಸ್ಟೋಕಾರ್ಡಿಯೋಗ್ರಾಫ್ ಎಂದು ಆ ಉಪಕರಣದ ಹೆಸರು. ಎಂದರೆ, ಇಲ್ಲಿ ಕುಳಿತಿರುವ ಪ್ರತಿಯೊಬ್ಬರ ಎದೆಯಲ್ಲೂ ನಿಮಿಷಕ್ಕೆ ಎಪ್ಪತ್ತು ಸಲ ರಾಕೆಟ್ಟಿನ ನಿಯಮ ಕೆಲಸ ಮಾಡುತ್ತಿದೆ.

ರಾಕೆಟ್ಟು ರಕ್ತಕ್ಕೆ ಬದಲಾಗಿ ಬಿಸಿ ಅನಿಲವನ್ನು ಎಸೆಯುತ್ತದೆ. ಇಂಧನ ಉರಿಯಲು ಆಮ್ಲಜನಕ ಬೇಕಷ್ಟೆ. ಜೆಟ್ ವಿಮಾನ ಅದನ್ನು ಸುತ್ತಲಿನ ಗಾಳಿಯಿಂದ ಹೀರಿಕೊಳ್ಳುತ್ತದೆ. ರಾಕೆಟ್ಟಾದರೋ ತನಗೆ ಬೇಕಾದ ಆಮ್ಲಜನಕವನ್ನೂ ತಾನೇ ಹೊತ್ತು ಹೋಗುತ್ತದೆ. ದೀಪಾವಳಿಯ ಬಾಣಬಿರುಸಿನ ಮದ್ದಿನಲ್ಲಿ ಇದ್ದಿಲು ಮತ್ತು ಗಂಧಕ ಇಂಧನಗಳು. ಪೆಟ್ಲುಪ್ಪು ಆಮ್ಲಜನಕದ ಉಗ್ರಾಣ. ಆದ್ದರಿಂದಲೇ ಕೊಳವೆಯೊಳಗೆ ಗಟ್ಟಿಯಾಗಿ ಜಡಿದ ಮದ್ದು ಹೊರಗಿನ ಗಾಳಿಯ ಹಂಗಿಲ್ಲದೆ ಉರಿಯುತ್ತದೆ.

ಈಗ ಕೊಳವೆಯ ಮಾತು. ಒಳಗಿನ ಒತ್ತಡ ಹೆಚ್ಚಿದಷ್ಟೂ ಮದ್ದು ಬೇಗ ಉರಿಯುತ್ತದೆ, ಅನಿಲ ರಭಸದಿಂದ ಹೊರಬೀಳುತ್ತದೆ, ಬಾಣ ದೂರ ಹೋಗುತ್ತದೆ. ಆದರೆ ಒತ್ತಡವನ್ನು ಕೊಳವೆಯ ಗೋಡೆ ತಡೆದುಕೊಳ್ಳಬೇಕು. ರಕ್ತನಾಳವೊಂದು ಉಬ್ಬಿ ಒಡೆಯುವ ಅಪಾಯವನ್ನು ವಿವರಿಸಲು ನಾವು ವೈದ್ಯರು ಬಳಸುವ ಲಾಪ್ಲಾಸನ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ: ಒತ್ತಡ ಹೆಚ್ಚಿದರೂ, ಕೊಳವೆಯ ಸುತ್ತಳತೆ ಹೆಚ್ಚಿದರೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಕಾಗದದ ಅಥವಾ ಬಿದಿರಿನ ಕೊಳವೆ ಸ್ವಲ್ಪ ಒತ್ತಡಕ್ಕೇ ಸೀಳಿಹೋಗುತ್ತದೆ. ಮೈಸೂರಿನ ಹೆಚ್ಚುಗಾರಿಕೆ ಏನೆಂಬುದು ಈ ಒಂದು ಮಾತಿನಲ್ಲಿ ಅಡಗಿದೆ.

ಮೈಸೂರಿನ ಕಬ್ಬಿಣದ ಕೊಳವೆ

ರಾಕೆಟ್ಟನ್ನು ಕಂಡುಹಿಡಿದವರು ನಾವಲ್ಲ. ಸಭೆ ಸಮಾರಂಭಗಳಲ್ಲಿ ಆಗಾಗ ಕೇಳಿಬರುವ ಆ ಮಾತನ್ನು ನಾವು ಬಿಡುವುದು ಒಳ್ಳೆಯದು. ಮದ್ದಿನ ಪುಡಿಯೂ ಅದರಿಂದ ಹಾರುವ ಬಾಣವೂ ಮೊದಲು ಹುಟ್ಟಿದ್ದು ಚೀನಾ ದೇಶದಲ್ಲಿ. ಹದಿಮೂರನೆಯ ಶತಮಾನದ ನಂತರ ಆ ವಿದ್ಯೆ ಏಷ್ಯಾದಲ್ಲೂ ಯೂರೋಪಿನಲ್ಲೂ ಹರಡಿತು. ರಾಕೆಟ್ ಎಂಬ ಶಬ್ದದ ಮೂಲ ನೂಲಿನ ಕದಿರನ್ನು ಸೂಚಿಸುವ ಒಂದು ಇಟಾಲಿಯನ್ ಪದ. ನಮ್ಮಲ್ಲಿ ಅದನ್ನು ಬಾಣವೆಂದೇ ಕರೆದರು.

ಹದಿನೆಂಟನೆಯ ಶತಮಾನದ ಮೈಸೂರು ಮಾಡಿದ್ದು, ಆ ಬಾಣಕ್ಕೆ ಬಡಿದು ಹದಮಾಡಿದ ಕಬ್ಬಿಣದ ಕೊಳವೆಯನ್ನು ತೊಡಿಸಿ, ಅದನ್ನು ಸೈನ್ಯದ ಕ್ರಮಬದ್ಧ ಆಯುಧವಾಗಿ ಬೆಳೆಸಿದ್ದು. ಸುಮಾರು 8 ಅಂಗುಲ ಉದ್ದ, ಒಂದೂವರೆಯಿಂದ ಮೂರು ಅಂಗುಲ ಅಗಲದ ಕೊಳವೆ. ಒಂದು ಬಾಯಿ ಮುಚ್ಚಿದ್ದು, ಇನ್ನೊಂದರಲ್ಲಿ ಅನಿಲ ಹೊರಬರಲು ರಂಧ್ರ. ಅದಕ್ಕೆ ತೊಗಲಿನ ಪಟ್ಟಿಯಿಂದ ಬಿಗಿದ ಸುಮಾರು 4 ಅಡಿ ಉದ್ದದ ಬಿದಿರಿನ ಗಳು. ಗಾಳಿಪಟಕ್ಕೆ ಬಾಲಂಗೋಚಿ ಇರುವಂತೆ, ಬಾಣ ಹಾರುವಾಗ ತಿರುಗಿ ಬೀಳದಿರಲು ಈ ಗಳು. ಕೆಲವು ಬಾಣಗಳು ಎರಡು ಕಿಲೋಮೀಟರಿನಷ್ಟು ದೂರ ಹೋಗುತ್ತಿದ್ದವು. ಅಂದಿನ ಯೂರೋಪಿನ ರಾಕೆಟ್ಟುಗಳಿಗೆ ಅಷ್ಟು ದೂರ ಹಾರುವ ಶಕ್ತಿಯಿರಲಿಲ್ಲ. ಹೈದರಾಲಿಯ ಕಾಲದಲ್ಲಿ ಸುಮಾರು 1200 ಮಂದಿಯಿದ್ದ ಬಾಣದ ಪಡೆ ಟಿಪ್ಪುವಿನ ಕಾಲಕ್ಕೆ 5000ದಷ್ಟಾಯಿತೆಂದು ಹೇಳುತ್ತಾರೆ. ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿ ತಾರಾಮಂಡಲಪೇಟೆ ಎಂಬ ಹೆಸರು ಇಂದಿಗೂ ಉಳಿದಿದೆ. ಆ ಹೆಸರನ್ನು ಬಾಣ ತಯಾರಿಸುವವರೊಂದಿಗೆ ತಳುಕು ಹಾಕುವುದುಂಟು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಹೈದರ್ ಮತ್ತು ಟಿಪ್ಪುವಿನ ಎದುರು ಸಂಪೂರ್ಣವಾಗಿ ಸೋತಿತು. ಯುದ್ಧದ ನಡುವೆ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದುಹೋದವು. ಅದಕ್ಕೆ ಕಾರಣ ಬಾಣವೋ ಫಿರಂಗಿಯೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ನೋಡಿರಬಹುದು. 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ, ಬಾಣ ಮತ್ತು ಗುಂಡುಗಳ ನಡುವೆ ಸಿಕ್ಕಿ ಹಿಮ್ಮೆಟ್ಟಬೇಕಾಗಿ ಬಂದ ಇಂಗ್ಲಿಷ್ ಅಧಿಕಾರಿಯ ಹೆಸರು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವರೇ.

ಒಂದು ತಿಂಗಳೊಳಗೆ, ಮೇ 4ರಂದು, ಕೋಟೆ ಬಿದ್ದಿತು. ಟಿಪ್ಪು ಮಡಿದ. ಅವನ ಆಳ್ವಿಕೆಯ ಬಗ್ಗೆ ನಮ್ಮ ನಾಡಿನಲ್ಲಿ ತೀವ್ರವಾದ ಭಿನ್ನಮತಗಳಿವೆ. ಆ ಚರ್ಚೆ ಇಂದಿನ ವಿಷಯವಲ್ಲ. ಹಾರಿಸಲು ಸಿದ್ಧವಾಗಿದ್ದ 700 ಬಾಣಗಳೂ ಮದ್ದು ತುಂಬದ 9000 ಕೊಳವೆಗಳೂ ಇಂಗ್ಲಿಷರ ಕೈಸೇರಿದವೆಂದು ಲೆಕ್ಕವಿದೆ. ಅವುಗಳ ಮಾದರಿಗಳು ಹಡಗನ್ನೇರಿ ಲಂಡನ್ನಿನ ಬಳಿಯ ವುಲ್ವಿಚ್ ಶಸ್ತ್ರಾಗಾರವನ್ನು ತಲುಪಿದವು.

ವುಲ್ವಿಚ್‌ನಲ್ಲಿ ನಡೆದದ್ದು

ವುಲ್ವಿಚ್‌ನ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥರ ಮಗ ವಿಲಿಯಂ ಕಾಂಗ್ರೀವ್. ಅವರು 1804ರಲ್ಲಿ ರಾಕೆಟ್ಟುಗಳ ಪ್ರಯೋಗ ಆರಂಭಿಸಿದರು. ಲಂಡನ್ನಿನಲ್ಲಿ ದೊರೆಯುವ ದೊಡ್ಡ ಬಾಣಬಿರುಸುಗಳನ್ನು ಸ್ವಂತ ಹಣದಿಂದ ಕೊಂಡು, ಅವು ಎಷ್ಟು ದೂರ ಹೋಗುತ್ತವೆಂದು ಅಳೆದರು. ಮದ್ದಿನ ಪ್ರಮಾಣವನ್ನು ಬದಲಾಯಿಸಿ ಮತ್ತೆ ಅಳೆದರು. ಕಾಗದವನ್ನು ಬಿಟ್ಟು ಕಬ್ಬಿಣಕ್ಕೆ ಬಂದರು. ಕೆಲವೇ ವರ್ಷಗಳಲ್ಲಿ ಅವರ 32 ಪೌಂಡಿನ ರಾಕೆಟ್ಟು ಸುಮಾರು 3000 ಗಜ ದೂರ ಹೋಗುವಂತಾಯಿತು. 1806ರಲ್ಲಿ ಫ್ರಾನ್ಸಿನ ಬೂಲೋನ್, 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್, 1814ರಲ್ಲಿ ನಮ್ಮ ಬಾಲ್ಟಿಮೋರ್ ಅವುಗಳ ಬೆಂಕಿಯನ್ನು ಕಂಡವು.

ಕಾಂಗ್ರೀವ್ ತಮ್ಮ ಕೆಲಸವನ್ನು ಕುರಿತು 1807ರಲ್ಲಿ ಪುಸ್ತಕ ಪ್ರಕಟಿಸಿದರು. ಭಾರತದಲ್ಲಿ ಯುದ್ಧಕ್ಕೆ ರಾಕೆಟ್ಟುಗಳನ್ನು ಬಳಸುತ್ತಿದ್ದುದು ತಮಗೆ ಗೊತ್ತಿತ್ತೆಂದು ಅವರು ಒಪ್ಪುತ್ತಾರೆ. ಆದರೆ ಅವು ಚಿಕ್ಕವು, 1000 ಗಜಕ್ಕಿಂತ ದೂರ ಹೋಗುತ್ತಿರಲಿಲ್ಲ ಎಂದು ಸೇರಿಸುತ್ತಾರೆ. ಮೈಸೂರಿನ ಋಣವನ್ನು ಅವರು ಕಡಿಮೆ ಮಾಡಿ ತೋರಿಸಿದರೆಂದು ನಮಗೆ ಸಿಟ್ಟು ಬರಬಹುದು. ಆದರೆ ಅವರ ಮಾತನ್ನು ಅಲ್ಲಗಳೆಯಲು ಮೈಸೂರಿನ ಕಮ್ಮಾರನೊಬ್ಬನ ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿ ಇಲ್ಲ. ಪ್ರತಿಯೊಂದು ಸೇನಾ ತುಕಡಿಗೆ ಎಷ್ಟು ಮಂದಿ ಬಾಣದವರು ಇರಬೇಕೆಂದು ಹೇಳುವ ಪಾರಸೀ ಭಾಷೆಯ ಸೈನ್ಯದ ಕೈಪಿಡಿ ಟಿಪ್ಪುವಿನ ಕಾಲದ್ದು ಉಳಿದಿದೆ. ಕಬ್ಬಿಣವನ್ನು ಎಷ್ಟು ಕಾಸಬೇಕು, ಮದ್ದನ್ನು ಎಷ್ಟು ಬಿಗಿಯಾಗಿ ಜಡಿಯಬೇಕು, ದೂರಕ್ಕೆ ತಕ್ಕಂತೆ ಬಾಣವನ್ನು ಎಷ್ಟು ಓರೆಮಾಡಬೇಕು ಎಂಬ ಜ್ಞಾನ ಕುಶಲಕರ್ಮಿಗಳ ಕೈಬೆರಳಿನಲ್ಲಿತ್ತು. ರಾಜ್ಯ ಹೋಯಿತು, ಬೇಡಿಕೆ ನಿಂತಿತು, ಆ ಬೆರಳುಗಳು ಬೇರೆ ಕೆಲಸಕ್ಕೆ ಹೋದವು. ಗೆದ್ದವರಿಗೆ ಕೊಳವೆಗಳು ಸಿಕ್ಕವು, ಅವರು ಅಳೆದು ಬರೆದರು. ನಮ್ಮವರ ಹೆಸರೂ ಉಳಿಯಲಿಲ್ಲ, ವಿದ್ಯೆಯೂ ಮುಂದುವರಿಯಲಿಲ್ಲ.

ಒಬ್ಬ ಕಿವುಡ, ಒಬ್ಬ ಕ್ಷಯರೋಗಿ, ಒಬ್ಬ ವೈದ್ಯ ವಿದ್ಯಾರ್ಥಿ

ಫಿರಂಗಿಗಳು ಸುಧಾರಿಸಿದಂತೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುದ್ಧದ ರಾಕೆಟ್ಟು ಮೂಲೆ ಸೇರಿತು. ಅದನ್ನು ಆಕಾಶಯಾನಕ್ಕೆ ಎತ್ತಿದವರು ಮೂವರು. ವೈದ್ಯನಾದ ನನಗೆ ಈ ಮೂವರ ಬಗ್ಗೆ ವಿಶೇಷ ಅಕ್ಕರೆ.

ಮೊದಲನೆಯವರು ರಷ್ಯಾದ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ. ಸುಮಾರು ಹತ್ತನೆಯ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರದಿಂದ ಕಿವಿಯನ್ನು ಬಹುಮಟ್ಟಿಗೆ ಕಳೆದುಕೊಂಡು, ತಾವೇ ಓದಿ ಕಲಿತು, ಶಾಲಾ ಉಪಾಧ್ಯಾಯರಾದವರು. 1903ರಲ್ಲಿ ಅವರು ಪ್ರಕಟಿಸಿದ ಸೂತ್ರವೇ ಇಂದಿಗೂ ರಾಕೆಟ್ ವಿಜ್ಞಾನದ ತಳಹದಿ. ಅದನ್ನು ಬುತ್ತಿಯ ಲೆಕ್ಕವೆನ್ನಬಹುದು. ದೂರದ ಯಾತ್ರೆಗೆ ಹೆಚ್ಚು ಬುತ್ತಿ ಬೇಕು. ಆ ಬುತ್ತಿಯ ಭಾರ ಹೊರಲು ಇನ್ನಷ್ಟು ತಿನ್ನಬೇಕು. ಅದಕ್ಕೆ ಮತ್ತೂ ಬುತ್ತಿ ಬೇಕು. ಹೊರಬೀಳುವ ಅನಿಲದಷ್ಟೇ ವೇಗವನ್ನು ರಾಕೆಟ್ಟು ಪಡೆಯಬೇಕಾದರೆ, ಹೊರಡುವಾಗಿನ ತೂಕ ಕೊನೆಯ ತೂಕದ 2.7 ಪಟ್ಟು ಇರಬೇಕು. ಎರಡರಷ್ಟು ವೇಗಕ್ಕೆ 7.4 ಪಟ್ಟು, ಮೂರರಷ್ಟಕ್ಕೆ 20 ಪಟ್ಟು. ಭೂಮಿಯನ್ನು ಸುತ್ತಲು ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗ ಬೇಕು. ಆದ್ದರಿಂದಲೇ ಖಾಲಿಯಾದ ಬುತ್ತಿಯ ಪಾತ್ರೆಯನ್ನು ದಾರಿಯಲ್ಲೇ ಎಸೆಯುವಂತೆ ರಾಕೆಟ್ಟನ್ನು ಹಂತ ಹಂತವಾಗಿ ಕಟ್ಟುತ್ತಾರೆ.

ಎರಡನೆಯವರು ಮ್ಯಾಸಚೂಸೆಟ್ಸ್‌ನ ರಾಬರ್ಟ್ ಗಾಡರ್ಡ್. 1913ರಲ್ಲಿ ಅವರಿಗೆ ಕ್ಷಯ ತಗುಲಿದಾಗ ವೈದ್ಯರು ಆಸೆ ಬಿಟ್ಟಿದ್ದರು. ನಮ್ಮ ವೃತ್ತಿಯವರ ಭವಿಷ್ಯವಾಣಿ ಸುಳ್ಳಾಗಿ, ಮರುವರ್ಷವೇ ಅವರು ರಾಕೆಟ್ಟಿನ ಎರಡು ಪೇಟೆಂಟ್ ಪಡೆದರು. ಗಾಳಿಯಿಲ್ಲದ ಕಡೆ ಒತ್ತಲು ಏನೂ ಇಲ್ಲವಾದ್ದರಿಂದ ರಾಕೆಟ್ಟು ಅಲ್ಲಿ ಹಾರದೆಂದು 1920ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಪಾದಕೀಯ ಅವರನ್ನು ಹಾಸ್ಯ ಮಾಡಿತು. ನಾನು ಆರಂಭದಲ್ಲಿ ಹೇಳಿದ ತಪ್ಪು ಇದೇ. 1926ರ ಮಾರ್ಚ್ 16ರಂದು ಆಬರ್ನ್ ಊರಿನ ಹೊಲವೊಂದರಲ್ಲಿ ಗಾಡರ್ಡ್ ದ್ರವ ಆಮ್ಲಜನಕ ಮತ್ತು ಪೆಟ್ರೋಲು ಬಳಸಿದ ಜಗತ್ತಿನ ಮೊದಲ ದ್ರವ ಇಂಧನ ರಾಕೆಟ್ಟನ್ನು ಹಾರಿಸಿದರು. ಎರಡೂವರೆ ಸೆಕೆಂಡಿನ ಹಾರಾಟ, 41 ಅಡಿ ಎತ್ತರ. ಪತ್ರಿಕೆ ತನ್ನ ತಪ್ಪನ್ನು ತಿದ್ದಿಕೊಂಡದ್ದು 1969ರ ಜುಲೈ 17ರಂದು, ಅಪೋಲೋ 11 ಚಂದ್ರನತ್ತ ಹೊರಟ ಮರುದಿನ. ಗಾಡರ್ಡ್ 1945ರಲ್ಲೇ ತೀರಿಕೊಂಡಿದ್ದರು. ಆದರೆ ಪ್ರತಿಯೊಂದು ಪ್ರಯೋಗವನ್ನೂ ಅವರು ಬರೆದಿಟ್ಟಿದ್ದರು; ಅವರ ಪತ್ನಿ ಎಸ್ತರ್ ಆ ಟಿಪ್ಪಣಿ, ಛಾಯಾಚಿತ್ರಗಳನ್ನು ಜತನದಿಂದ ಕಾಪಾಡಿದರು. ಅವರ 214 ಪೇಟೆಂಟ್‌ಗಳಲ್ಲಿ ಹೆಚ್ಚಿನವು ಮರಣಾನಂತರ ದೊರೆತವು.

ಮೂರನೆಯವರು ಹರ್ಮನ್ ಓಬರ್ತ್. ಮ್ಯೂನಿಕ್‌ನಲ್ಲಿ ವೈದ್ಯಶಾಸ್ತ್ರ ಓದಲು ಸೇರಿ, ಮೊದಲ ಮಹಾಯುದ್ಧದಲ್ಲಿ ವೈದ್ಯಕೀಯ ದಳದಲ್ಲಿ ದುಡಿದು, ತಮ್ಮ ದಾರಿ ಇದಲ್ಲವೆಂದು ಭೌತಶಾಸ್ತ್ರಕ್ಕೆ ಹೊರಳಿದವರು. ಅಂತರಿಕ್ಷಯಾನವನ್ನು ಕುರಿತ ಅವರ ಪ್ರಬಂಧವನ್ನು ವಿಶ್ವವಿದ್ಯಾನಿಲಯ ತಿರಸ್ಕರಿಸಿತು. 1923ರಲ್ಲಿ ಅವರು ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಜರ್ಮನಿಯ ಒಂದು ತಲೆಮಾರಿನ ಯುವಕರು ಆ ಪುಸ್ತಕದಿಂದ ಸ್ಫೂರ್ತಿ ಪಡೆದರು. ಅವರಲ್ಲೊಬ್ಬರು ವರ್ನರ್ ಫಾನ್ ಬ್ರೌನ್.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಫಾನ್ ಬ್ರೌನ್ ತಂಡದ ವಿ-2 ರಾಕೆಟ್ಟು 1944ರ ಸೆಪ್ಟೆಂಬರಿನಿಂದ ಲಂಡನ್ ಮೊದಲಾದ ನಗರಗಳ ಮೇಲೆ ಬಿದ್ದಿತು. ಅದನ್ನು ನಿರ್ಮಿಸಲು ನೆಲಮಾಳಿಗೆಯ ಕಾರ್ಖಾನೆಯಲ್ಲಿ ಸೆರೆಯಾಳುಗಳನ್ನು ದುಡಿಸಲಾಯಿತು. ಆ ಶಿಬಿರಗಳಲ್ಲಿ ಸುಮಾರು 20,000 ಮಂದಿ ಸತ್ತರು. ಅದೇ ಫಾನ್ ಬ್ರೌನ್ ನೇತೃತ್ವದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಸ್ಯಾಟರ್ನ್-5 ರಾಕೆಟ್ಟು 1969ರಲ್ಲಿ ಮನುಷ್ಯರನ್ನು ಚಂದ್ರನತ್ತ ಒಯ್ದಿತು. ಶ್ರೀರಂಗಪಟ್ಟಣದ ಕಮ್ಮಾರರಂತೆಯೇ ಈ ಸೆರೆಯಾಳುಗಳಲ್ಲಿ ಬಹುಮಂದಿಯ ಹೆಸರನ್ನು ಲೋಕ ಅರಿಯದು.

ವಿದ್ಯೆ ಮರಳಿ ಬಂದ ಬಗೆ

1963ರಲ್ಲಿ ಕೆಲವು ಭಾರತೀಯ ಎಂಜಿನಿಯರುಗಳು ನಾಸಾದಲ್ಲಿ ತರಬೇತಿಗೆ ಬಂದರು. ಅವರಲ್ಲಿದ್ದ ಅಬ್ದುಲ್ ಕಲಾಂ ಅವರು ವರ್ಜೀನಿಯಾದ ವಾಲಪ್ಸ್ ದ್ವೀಪದ ಕೇಂದ್ರದಲ್ಲಿ ಟಿಪ್ಪುವಿನ ಸೈನ್ಯ ಇಂಗ್ಲಿಷರ ಮೇಲೆ ಬಾಣ ಬಿಡುತ್ತಿರುವ ಚಿತ್ರವೊಂದನ್ನು ಕಂಡು ಬೆರಗಾದುದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆ ವರ್ಷದ ನವೆಂಬರ್ 21ರಂದು ಕೇರಳದ ತುಂಬಾದಿಂದ ಅಮೆರಿಕದ ನೈಕ್-ಅಪಾಚೆ ರಾಕೆಟ್ಟು ಹಾರಿತು. 1975ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ ಉಪಗ್ರಹ ಸೋವಿಯತ್ ರಾಕೆಟ್ಟನ್ನೇರಿ ಕಕ್ಷೆ ಸೇರಿತು.

ನಮ್ಮದೇ ಉಡಾವಣಾ ವಾಹನ ಎಸ್‌ಎಲ್‌ವಿ-3 ಮೊದಲ ಸಲ ಹೊರಟದ್ದು 1979ರ ಆಗಸ್ಟ್ 10ರಂದು. ಅದು ಬಂಗಾಳಕೊಲ್ಲಿಗೆ ಬಿದ್ದಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ಕವಾಟ ಸರಿಯಾಗಿ ಮುಚ್ಚದೆ ಆಮ್ಲ ಸೋರಿಹೋಗಿತ್ತೆಂದು ಪರಿಶೀಲನೆಯಲ್ಲಿ ಗೊತ್ತಾಯಿತು. ಕವಾಟ ಸೋರಿದರೆ ಏನಾಗುತ್ತದೆಂದು ಹೃದ್ರೋಗಿಗಳನ್ನು ನೋಡುವ ನಾನು ಬಲ್ಲೆ. ಆಸ್ಪತ್ರೆಯಲ್ಲಿ ರೋಗಿ ತೀರಿಕೊಂಡಾಗ ನಾವು ವೈದ್ಯರು ಒಂದೆಡೆ ಕುಳಿತು, ಯಾರನ್ನೂ ದೂಷಿಸದೆ, ಎಲ್ಲಿ ತಪ್ಪಿತೆಂದು ಸಾಲುಸಾಲಾಗಿ ಪರಿಶೀಲಿಸಿ ಬರೆದಿಡುತ್ತೇವೆ. ಅವರು ಮಾಡಿದ್ದೂ ಅದನ್ನೇ. ಹನ್ನೊಂದು ತಿಂಗಳ ತರುವಾಯ, 1980ರ ಜುಲೈ 18ರಂದು, 17 ಟನ್ ತೂಕದ ಅದೇ ಬಗೆಯ ವಾಹನ ಸುಮಾರು 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೇರಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಅದರ ಹಿಂದೆಯೂ 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ ಪ್ರಸಂಗದಿಂದ ಕಲಿತ ಪಾಠವಿದೆ.

ಮೈಸೂರಿನ ಬಾಣಗಳ ಬಗ್ಗೆಯೂ ಕೊನೆಗೆ ನಮ್ಮವರೇ ಬರೆದರು. ಬೆಂಗಳೂರಿನ ಖ್ಯಾತ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಹೋಲಿಸಿ, ಜಂಬವೂ ಕೀಳರಿಮೆಯೂ ಇಲ್ಲದ ಒಂದು ಪ್ರಬಂಧ ರಚಿಸಿದರು. 2018ರ ಜುಲೈ ತಿಂಗಳಿನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ಒಣಗಿದ ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಕೊಳವೆಗಳು ದೊರೆತವು. ಸುಮಾರು ಎರಡು ಶತಮಾನಗಳ ಕಾಲ ಅವು ಕೆಸರಿನಲ್ಲಿ ಮಲಗಿದ್ದವು. ಈಗ ಅವುಗಳ ಉದ್ದ, ದಪ್ಪ, ಲೋಹದ ಗುಣವನ್ನು ನಾವೇ ಅಳೆಯಬಹುದು. ಕಮ್ಮಾರ ಬರೆಯದೆ ಹೋದ ಲೆಕ್ಕದ ಪುಸ್ತಕ ಅದೇ.

ಮಗಳ ಪ್ರಶ್ನೆಗೆ ಉತ್ತರ

ಈಗ ಕಾಲೇಜು ಮುಗಿಸಿರುವ ನನ್ನ ಮಗಳಿಗೆ ಕಳೆದ ವಾರ ದೂರವಾಣಿಯಲ್ಲಿ ಉತ್ತರ ಹೇಳಿದೆ: "ಅವರ ಹೆಸರು ಯಾರಿಗೂ ಗೊತ್ತಿಲ್ಲ ಮಗಳೇ. ಅವರು ಜಾಣರಾಗಿರಲಿಲ್ಲವೆಂದಲ್ಲ, ಅವರನ್ನು ಕೂರಿಸಿಕೊಂಡು ಯಾರೂ ಬರೆದುಕೊಳ್ಳಲಿಲ್ಲ."

ರೆಸಿಡೆನ್ಸಿಯ ಮೊದಲ ವಾರದಲ್ಲಿ ನಮಗೆ ಕಲಿಸುವ ಪಾಠವೊಂದಿದೆ: ಬರೆದಿಡದ ಚಿಕಿತ್ಸೆ ಮಾಡದ ಚಿಕಿತ್ಸೆಗೆ ಸಮ. ನನ್ನ ಅಜ್ಜಿ ಊರಿನ ಬಾಣಂತಿಯರಿಗೆಲ್ಲ ಒಂದು ಕಷಾಯ ಮಾಡಿಕೊಡುತ್ತಿದ್ದರು. ಅದರಲ್ಲಿ ಏನೇನು ಹಾಕುತ್ತಿದ್ದರು, ಎಷ್ಟು ಹೊತ್ತು ಕುದಿಸುತ್ತಿದ್ದರು ಎಂದು ವೈದ್ಯನಾದ ಈ ಮೊಮ್ಮಗ ಒಂದು ದಿನವೂ ಕೇಳಲಿಲ್ಲ. ಅದು ನಿಜವಾಗಿ ಗುಣ ಕೊಡುತ್ತಿತ್ತೋ ಇಲ್ಲವೋ ಎಂದು ಪರೀಕ್ಷಿಸುವ ದಾರಿಯೂ ಈಗ ಮುಚ್ಚಿಹೋಗಿದೆ. ಅಜ್ಜಿಯ ಜಾಣ್ಮೆಯನ್ನು ಹೊಗಳುವ ಹಕ್ಕೂ, ಅಲ್ಲಗಳೆಯುವ ಹಕ್ಕೂ ನನಗೆ ಉಳಿದಿಲ್ಲ.

ಈ ಸಭಾಂಗಣದಲ್ಲಿ ಮಕ್ಕಳ ಮನೆಗೆಂದು ಊರಿನಿಂದ ಬಂದಿರುವ ಅನೇಕ ಹಿರಿಯರಿದ್ದಾರೆ. ನೇಯ್ದವರು, ಗದ್ದೆ ಉತ್ತವರು, ಪಾಠ ಹೇಳಿದವರು, ಎಚ್‌ಎಎಲ್, ಬಿಎಚ್‌ಇಎಲ್ ಕಾರ್ಖಾನೆಗಳಲ್ಲಿ ಲೋಹ ಕಡೆದವರು. ನಾನು ಬೇಡುವುದು ಇಷ್ಟೇ: ಅವರು ಮರಳಿ ವಿಮಾನ ಹತ್ತುವ ಮುನ್ನ, ಒಂದು ಸಂಜೆ ಟೆಲಿವಿಷನ್ ಆರಿಸಿ, ಪಕ್ಕದಲ್ಲಿ ಕುಳಿತು, ಅವರ ಕೈಕೆಲಸದ ಲೆಕ್ಕವನ್ನು ಕೇಳಿ ಬರೆದುಕೊಳ್ಳಿ. ತೂಕ, ಅಳತೆ, ಹದ ಎಲ್ಲವನ್ನೂ ಬರೆಯಿರಿ. ಕೊನೆಯಲ್ಲಿ ಅವರ ಹೆಸರನ್ನು ಬರೆಯಲು ಮರೆಯಬೇಡಿ.

ಮಕ್ಕಳೇ, ನೀವು ಇನ್ನು ಊಟಕ್ಕೆ ಏಳಬಹುದು.